ಸಕ್ಯುಲೆಂಟ್ ಬದುಕಿದೆ ಸರಿ, ಹೂ ಯಾಕೆ ಬಿಡ್ತಿಲ್ಲ?

ನರ್ಸರಿಯಲ್ಲಿ ಮೈತುಂಬ ಹೂ ಬಿಟ್ಟಿದ್ದ ಅಡೇನಿಯಂ ಮನೆಗೆ ಬಂದ ಹದಿನೈದು ದಿನಕ್ಕೆ ಬೋಳಾಗುತ್ತದೆ. ಆಮೇಲೆ ವರ್ಷವಿಡೀ ಬರೀ ಎಲೆ. ಡಿಸೆಂಬರ್‌ನಲ್ಲಿ ಕೆಂಪು ಗೊಂಚಲು ಹೊತ್ತು ಬಂದ ಕಲಂಚೋ ಮುಂದಿನ ಡಿಸೆಂಬರ್‌ಗೆ ಉದ್ದಕ್ಕೆ ಸೊರಗಿ ನಿಂತಿರುತ್ತದೆ, ಹುಡುಕಿದರೂ ಒಂದು ಮೊಗ್ಗು ಸಿಗುವುದಿಲ್ಲ. ಗಿಡ ಸತ್ತಿಲ್ಲವಲ್ಲ ಅನ್ನುವುದೇ ಸಮಾಧಾನ.

"ಇವಕ್ಕೆ ಏನೂ ಮಾಡ್ಬೇಕಿಲ್ಲ, ತಾವಾಗೇ ಬೆಳೀತವೆ" ಅಂತ ಹೇಳಿಯೇ ಮಾರುತ್ತಾರೆ. ಬದುಕುವ ಮಟ್ಟಿಗೆ ಆ ಮಾತು ನಿಜ. ಸಕ್ಯುಲೆಂಟ್ ಅಂದರೆ ದಪ್ಪ ಎಲೆ, ದಪ್ಪ ಕಾಂಡದಲ್ಲಿ ನೀರು ಕೂಡಿಟ್ಟುಕೊಳ್ಳುವ ಗಿಡ, ವಾರಗಟ್ಟಲೆ ಬಾಯಾರಿಕೆ ತಾಳುತ್ತದೆ. ಹೂವಿನ ಲೆಕ್ಕ ಬೇರೆ. ಹೂವಿಗೆ ಜೋರು ಬಿಸಿಲು ಬೇಕು, ನೀರು ನಿಲ್ಲದ ಮಣ್ಣು ಬೇಕು. ಇಷ್ಟು ಹೆಚ್ಚು ಕಡಿಮೆ ಎಲ್ಲರಿಗೂ ಗೊತ್ತು. ನಾವು ಮರೆಯುವುದು ಇನ್ನೊಂದನ್ನು: ವರ್ಷದಲ್ಲಿ ಒಂದಷ್ಟು ಕಾಲ ನಮ್ಮ ಉಪಚಾರವೂ ನಿಲ್ಲಬೇಕು. ಹನ್ನೆರಡು ತಿಂಗಳೂ ಒಂದೇ ಸಮ ನೀರು, ಒಂದೇ ಸಮ ಗೊಬ್ಬರ ಸಿಕ್ಕಿದರೆ ಹೂ ಬಿಡುವ ಕಾಲ ಬಂತು ಅಂತ ಗಿಡಕ್ಕೆ ಗೊತ್ತಾಗುವುದಾದರೂ ಹೇಗೆ?

ಬೆಳಿಗ್ಗೆ ಹುಳಿ, ಮಧ್ಯಾಹ್ನ ಸಪ್ಪೆ

ಇದು ಅರ್ಥವಾಗಬೇಕಾದರೆ ಈ ಗಿಡಗಳು ಆಹಾರ ತಯಾರಿಸುವ ರೀತಿ ನೋಡಬೇಕು. ಆ ಕಥೆಗೆ ಬೆಂಗಳೂರಿನ ನಂಟೂ ಇದೆ. 1799ರಲ್ಲಿ ಟಿಪ್ಪು ಸುಲ್ತಾನ್ ಮಡಿದ ಮೇಲೆ ಲಾಲ್‌ಬಾಗ್ ಈಸ್ಟ್ ಇಂಡಿಯಾ ಕಂಪನಿಯ ಕೈ ಸೇರಿತು. ಆ ದಿನಗಳಲ್ಲಿ ಅದರ ಉಸ್ತುವಾರಿ ನೋಡಿಕೊಂಡವರಲ್ಲಿ ಬೆಂಜಮಿನ್ ಹೈನ್ ಒಬ್ಬರು. ಜರ್ಮನಿಯವರು, ಮಿಷನರಿಯಾಗಿ ಬಂದು ಗಿಡಮರಗಳ ಹಿಂದೆ ಬಿದ್ದವರು. ನಮ್ಮ ಹಿತ್ತಿಲಲ್ಲಿ ಕಾಡುಬಸಳೆ ಇರುತ್ತದಲ್ಲ, ಎಲೆಯ ಅಂಚಿನಲ್ಲೇ ಮರಿ ಹುಟ್ಟಿಸುವ ಗಿಡ, ಅದರ ಎಲೆ ಬೆಳಿಗ್ಗೆ ಹುಳಿ, ಮಧ್ಯಾಹ್ನ ಸಪ್ಪೆ, ಸಂಜೆ ಹೊತ್ತಿಗೆ ಕೊಂಚ ಕಹಿ ಅಂತ ಅವರು ಗಮನಿಸಿದರು. 1813ರಲ್ಲಿ ಬರೆದ ಪತ್ರದಲ್ಲಿ ಅದನ್ನು ದಾಖಲಿಸಿದರು. ಲಂಡನ್ನಿನ ಲಿನಿಯನ್ ಸೊಸೈಟಿ ಅದನ್ನು ಪ್ರಕಟಿಸಿತು. ನಾಲಿಗೆಯಿಂದ ಮಾಡಿದ ಆ ಸಣ್ಣ ಗಮನಿಕೆಯನ್ನು ಇವತ್ತಿಗೂ ಸಸ್ಯವಿಜ್ಞಾನದವರು ನೆನೆಯುತ್ತಾರೆ.

ಹುಳಿ ಎಲ್ಲಿಂದ ಬಂತು? ಸಾಮಾನ್ಯ ಗಿಡ ಹಗಲು ಹೊತ್ತು ಎಲೆಯ ಸಣ್ಣ ರಂಧ್ರಗಳನ್ನು ತೆರೆದು ಗಾಳಿಯಿಂದ ಇಂಗಾಲದ ಡೈಆಕ್ಸೈಡ್ ಎಳೆದುಕೊಳ್ಳುತ್ತದೆ. ರಂಧ್ರ ತೆರೆದಾಗ ಒಳಗಿನ ನೀರೂ ಆವಿಯಾಗಿ ಹೋಗುತ್ತದೆ. ಮಳೆ ಇರುವ ಕಡೆ ಅದೇನೂ ದೊಡ್ಡ ನಷ್ಟವಲ್ಲ. ಒಣ ನಾಡಿನ ಗಿಡಕ್ಕೆ ಅದು ಜೀವದ ಪ್ರಶ್ನೆ. ಹಾಗಾಗಿ ಬಹಳಷ್ಟು ಸಕ್ಯುಲೆಂಟ್‌ಗಳು ಹಗಲು ರಂಧ್ರ ಮುಚ್ಚಿಕೊಂಡು, ತಂಪಾದ ರಾತ್ರಿಯಲ್ಲಿ ತೆರೆಯುತ್ತವೆ. ರಾತ್ರಿ ಬಿಸಿಲಿಲ್ಲ, ಸಕ್ಕರೆ ಮಾಡಲು ಆಗುವುದಿಲ್ಲ. ಅದಕ್ಕೆ ಒಳಗೆ ತೆಗೆದುಕೊಂಡ ಇಂಗಾಲವನ್ನು ಮ್ಯಾಲಿಕ್ ಆಮ್ಲ ಮಾಡಿ ಎಲೆಯೊಳಗೆ ಕೂಡಿಡುತ್ತವೆ. ಸೇಬಿನ ಹುಳಿಗೆ ಕಾರಣವೂ ಇದೇ ಆಮ್ಲ. ಬೆಳಗಾದ ಮೇಲೆ ರಂಧ್ರ ಮುಚ್ಚಿ, ಕೂಡಿಟ್ಟ ಆಮ್ಲದಿಂದ ಇಂಗಾಲವನ್ನು ಬಿಡಿಸಿಕೊಂಡು ಬಿಸಿಲಲ್ಲಿ ಸಕ್ಕರೆ ಮಾಡುತ್ತವೆ. ಮಧ್ಯಾಹ್ನಕ್ಕೆ ಆಮ್ಲ ಖರ್ಚು, ಎಲೆ ಸಪ್ಪೆ.

ಬೇಕಿದ್ದರೆ ಪರೀಕ್ಷೆ ಮಾಡಿ. ಬೆಳಿಗ್ಗೆ ಆರಕ್ಕೆ ಕಾಡುಬಸಳೆಯ ಒಂದು ಚೂರು ನಾಲಿಗೆ ತುದಿಗೆ ತಾಗಿಸಿ ಉಗಿದುಬಿಡಿ, ಮಧ್ಯಾಹ್ನ ಇನ್ನೊಂದು. ನುಂಗಬೇಡಿ. ಈ ಪರೀಕ್ಷೆ ಕಾಡುಬಸಳೆಗೆ ಮಾತ್ರ. ಅಡೇನಿಯಂ, ಯುಫೋರ್ಬಿಯಾ ಇವನ್ನು ನಾಲಿಗೆಯ ಹತ್ತಿರವೂ ತರಬಾರದು, ಕಾರಣ ಮುಂದೆ ಹೇಳುತ್ತೇನೆ.

ಎಲ್ಲ ಸಕ್ಯುಲೆಂಟ್‌ಗಳೂ ಸದಾ ಹೀಗೇ ಇರುತ್ತವೆ ಅಂತಲ್ಲ. ಕೆಲವು ನೀರು ಕಡಿಮೆಯಾದಾಗ ಮಾತ್ರ ಈ ರಾತ್ರಿ ಪಾಳಿಗೆ ಹೊರಳುತ್ತವೆ. ನಾವು ಸಾರಿಗೆ ಹಾಕುವ ಗೋಣಿಸೊಪ್ಪು ಅಂಥದ್ದು. ನೀರಿದ್ದಾಗ ಒಂದು ರೀತಿ, ಒಣಗಿದಾಗ ಇನ್ನೊಂದು ರೀತಿ.

ಈಗ ತೋಟದ ಲೆಕ್ಕಕ್ಕೆ ಬನ್ನಿ. ರಾತ್ರಿ ಎಷ್ಟು ಕೂಡಿಡಲು ಜಾಗವಿದೆಯೋ ಅಷ್ಟೇ ಮರುದಿನದ ಆಹಾರ. ಹಾಗಾಗಿ ಇವುಗಳ ಬೆಳವಣಿಗೆಯೇ ನಿಧಾನ. ಗೊಬ್ಬರ ಸುರಿದು ಅವಸರ ಮಾಡಿಸಿದರೆ ಕಾಂಡ ಮೆತ್ತಗಾಗಿ, ಎಲೆ ಜಾಸ್ತಿಯಾಗಿ, ಕೊನೆಗೆ ಕೊಳೆಯುತ್ತದೆ. ಎರಡನೆಯದು, ಹೂ ಅನ್ನುವುದು ಗಿಡಕ್ಕೆ ದುಬಾರಿ ಖರ್ಚು. ಉಳಿತಾಯ ಇದ್ದರೆ ತಾನೇ ಖರ್ಚು? ದಿನಕ್ಕೆ ನಾಲ್ಕೈದು ಗಂಟೆಯಾದರೂ ನೇರ ಬಿಸಿಲು ಬೀಳದ ಕಡೆ ಆ ಉಳಿತಾಯ ಆಗುವುದಿಲ್ಲ. ಸೋಫಾದ ಪಕ್ಕದ ಟೀಪಾಯಿ ಮೇಲೆ ಇಟ್ಟ ಗಿಡ ಹೂ ಬಿಡಲಿಲ್ಲ ಅಂದರೆ ತಪ್ಪು ಗಿಡದ್ದಲ್ಲ. ಇನ್ನೊಂದು ಮಾತು, ಈ ರಾತ್ರಿ ಪಾಳಿಗೆ ರಾತ್ರಿ ತಂಪಾಗಿದ್ದಷ್ಟೂ ಒಳ್ಳೆಯದು. ಬೆಂಗಳೂರು, ಮೈಸೂರು, ಹಾಸನದ ಕಡೆ ಬೇಸಿಗೆಯಲ್ಲೂ ರಾತ್ರಿ ತಂಪಾಗುತ್ತದಲ್ಲ, ಅದು ಈ ಗಿಡಗಳಿಗೆ ವರ. ಮಂಗಳೂರಿನ ಸೆಕೆ ರಾತ್ರಿಯಲ್ಲಿ ಎಚೆವೇರಿಯಾ ತರಹದ ಗುಲಾಬಿಯಾಕಾರದ ಗಿಡಗಳು ಸೊರಗುವುದು ನೀವು ನೋಡಿರಬಹುದು. ಅವು ಮೆಕ್ಸಿಕೋದ ಎತ್ತರದ ಬೆಟ್ಟಗಳವು, ಕರಾವಳಿ ಅವಕ್ಕೆ ಒಗ್ಗುವುದಿಲ್ಲ.

ಕುಂಡದ ತಳಕ್ಕೆ ಕಲ್ಲು ಹಾಕಿದರೆ ಏನಾಗುತ್ತೆ

ಮಣ್ಣಿನ ವಿಷಯದಲ್ಲಿ ಒಂದು ನಂಬಿಕೆ ಗಟ್ಟಿಯಾಗಿ ಬೇರೂರಿದೆ. ಕುಂಡದ ತಳಕ್ಕೆ ಒಂದು ಪದರ ಜಲ್ಲಿಕಲ್ಲು ಹಾಕಿದರೆ ನೀರು ಸಲೀಸಾಗಿ ಬಸಿದು ಹೋಗುತ್ತದೆ ಅನ್ನುವುದು. ಆಗುವುದು ಉಲ್ಟಾ. ನಯವಾದ ಮಣ್ಣಿನಿಂದ ದಪ್ಪ ಕಲ್ಲಿಗೆ ನೀರು ಸುಲಭಕ್ಕೆ ಇಳಿಯುವುದಿಲ್ಲ. ಮಣ್ಣಿನ ಸಣ್ಣ ಸಣ್ಣ ಸಂದುಗಳು ಅದನ್ನು ಹಿಡಿದುಕೊಳ್ಳುತ್ತವೆ. ಮೇಲಿನ ಮಣ್ಣು ಪೂರ್ತಿ ನೆನೆದು, ಇನ್ನು ಹಿಡಿಯಲಾರೆ ಅಂದ ಮೇಲಷ್ಟೇ ಕೆಳಗೆ ಬಿಡುತ್ತದೆ. ಮಾಮೂಲಿಯಾಗಿ ಕುಂಡದ ತಳದಲ್ಲಿ ಇರುತ್ತಿದ್ದ ಒದ್ದೆ ಪದರವನ್ನು ನಾವು ಕಲ್ಲು ಹಾಕಿ ಬೇರಿನ ಹತ್ತಿರಕ್ಕೆ ಎತ್ತಿಕೊಟ್ಟ ಹಾಗಾಯಿತು.

ಅಡುಗೆಮನೆಯ ಸ್ಪಂಜಿನಲ್ಲಿ ಇದನ್ನು ನೋಡಬಹುದು. ಒದ್ದೆ ಸ್ಪಂಜನ್ನು ಅಡ್ಡ ಹಿಡಿದರೆ ಒಂದಷ್ಟು ನೀರು ತೊಟ್ಟಿಕ್ಕಿ ನಿಂತುಹೋಗುತ್ತದೆ. ಅದನ್ನೇ ಉದ್ದಕ್ಕೆ ನಿಲ್ಲಿಸಿ, ಮತ್ತೆ ನೀರು ಇಳಿಯುತ್ತದೆ. ಎತ್ತರ ಹೆಚ್ಚಿದಷ್ಟೂ ನೀರು ಚೆನ್ನಾಗಿ ಬಸಿಯುತ್ತದೆ. ಅಂದರೆ ಒಂದೇ ಮಣ್ಣು ಎತ್ತರದ ಕುಂಡದಲ್ಲಿ ಬೇಗ ಒಣಗುತ್ತದೆ, ತಟ್ಟೆ ಕುಂಡದಲ್ಲಿ ಒದ್ದೆಯಾಗೇ ಉಳಿಯುತ್ತದೆ. ಅಡೇನಿಯಂಗೆ ಅಗಲವಾದ ತಗ್ಗು ಕುಂಡ ನೋಡಲು ಚೆಂದ, ಹೌದು. ಹಾಗಿಟ್ಟರೆ ಮಣ್ಣು ಇನ್ನಷ್ಟು ಒರಟಾಗಿರಬೇಕು.

ಹಾಗಾದರೆ ಮಾಡಬೇಕಾದದ್ದು? ತಳದಿಂದ ಬಾಯಿವರೆಗೂ ಒಂದೇ ಹದದ ಒರಟು ಮಣ್ಣು. ಒಂದು ಪಾಲು ಕೆಂಪುಮಣ್ಣು, ಒಂದು ಪಾಲು ಚೆನ್ನಾಗಿ ಕಳಿತ ಗೊಬ್ಬರ, ಎರಡು ಪಾಲು ಒರಟು ಪದಾರ್ಥ. ಒರಟಿಗೆ ಪ್ಯುಮಿಸ್, ಪರ್ಲೈಟ್‌ನಂಥ ದುಬಾರಿ ಹಗುರ ಕಲ್ಲು ತರಲೇಬೇಕು ಅಂತೇನಿಲ್ಲ. ಕಡಲೆಬೇಳೆ ಗಾತ್ರಕ್ಕೆ ಒಡೆದ ಇಟ್ಟಿಗೆ ಚೂರು, ಇದ್ದಿಲು ಚೂರು ಸಾಕು. ಎಂ-ಸ್ಯಾಂಡ್ ಬಳಸುವುದಾದರೆ ಜರಡಿ ಹಿಡಿದು ಪುಡಿಯನ್ನೆಲ್ಲ ಚೆಲ್ಲಿ, ಮೇಲೆ ಉಳಿದದ್ದನ್ನು ತೊಳೆದು ಹಾಕಿ. ಪುಡಿ ಸಮೇತ ಹಾಕಿದರೆ ಎರಡು ಮಳೆಗೆ ಗಟ್ಟಿ ಹೆಪ್ಪು ಕಟ್ಟುತ್ತದೆ. ಕೋಕೋಪೀಟ್, ಅಂದರೆ ತೆಂಗಿನ ನಾರಿನ ಪುಡಿ, ಅದರ ಬಗ್ಗೆ ನನಗೆ ಅಷ್ಟು ಒಲವಿಲ್ಲ. ನೀರು ಹಿಡಿದಿಡುವುದೇ ಅದರ ಕೆಲಸ, ಅದನ್ನು ಬೇಡದವರ ಮನೆಗೆ ಕಳಿಸಿದರೆ ಹೇಗೆ? ನರ್ಸರಿಯಿಂದ ಬರುವ ಗಿಡದ ಬುಡದಲ್ಲಿ ಬಹಳ ಸಲ ಬರೀ ಕೋಕೋಪೀಟ್ ಮುದ್ದೆ ಇರುತ್ತದೆ. ಹೂ ಮುಗಿದ ಮೇಲೆ ಅದನ್ನು ಬೇರಿನಿಂದ ಮೆಲ್ಲಗೆ ಉದುರಿಸಿ, ಬೇರೆ ಮಣ್ಣಿಗೆ ಹಾಕುವುದು ಒಳ್ಳೆಯದು.

ಮಣ್ಣಿನ ಹದ ನೋಡಲು ಕುಂಡಕ್ಕೆ ಒಂದು ಚೊಂಬು ನೀರು ಸುರಿಯಿರಿ. ಮೇಲೆ ಕೆರೆಯಾಗಿ ನಿಲ್ಲದೆ ಕೆಲವೇ ಕ್ಷಣಗಳಲ್ಲಿ ಇಳಿದು, ತಳದ ತೂತಿನಿಂದ ಹೊರಬಂದರೆ ಸರಿಯಿದೆ.

ನೆಲದಲ್ಲೇ ಹಾಕುವುದಾದರೆ ಸಮತಟ್ಟಾದ ಜಾಗಕ್ಕಿಂತ ಏರುಮಡಿ ವಾಸಿ. ಸೈಜುಗಲ್ಲನ್ನು ಒಂದಡಿ ಎತ್ತರಕ್ಕೆ ಜೋಡಿಸಿ, ಒಳಗೆ ಇದೇ ಒರಟು ಮಣ್ಣು ತುಂಬಿ, ಒಂದು ಕಡೆಗೆ ಇಳಿಜಾರು ಕೊಡಿ. ಮೇಲೆ ಸಣ್ಣ ಜಲ್ಲಿ ಹರಡಿ. ಜಲ್ಲಿ ಇಲ್ಲಿ ಸರಿಯಾದ ಜಾಗದಲ್ಲಿದೆ: ಮಳೆ ಹನಿ ಬಡಿದು ಮಣ್ಣು ಎಲೆಗೆ ಸಿಡಿಯುವುದನ್ನು ತಡೆಯುತ್ತದೆ, ಕಾಂಡದ ಬುಡ ಬೇಗ ಒಣಗುತ್ತದೆ. ಮನೆಯ ದಕ್ಷಿಣ ಅಥವಾ ಪೂರ್ವದ ಕಡೆ, ಸೂರಿನ ನೀರು ಬೀಳದ ಜಾಗ ಹುಡುಕಿ. ಉತ್ತರ ಕರ್ನಾಟಕದ ಎರೆಮಣ್ಣಿನಲ್ಲಿ ಇವನ್ನು ನೇರವಾಗಿ ನೆಡುವುದು ಬೇಡವೇ ಬೇಡ. ಒದ್ದೆಯಾದರೆ ಉಬ್ಬಿ ಅಂಟುತ್ತದೆ, ಒಣಗಿದರೆ ಬಿರುಕು ಬಿಟ್ಟು ಬೇರು ಹರಿಯುತ್ತದೆ. ಅಲ್ಲಿ ಏರುಮಡಿ ಇಲ್ಲದೆ ಗತಿಯಿಲ್ಲ.

ಅಡೇನಿಯಂ: ಬಾಯಾರಿಕೆಯ ನಂತರದ ಹೂ

ಆಫ್ರಿಕಾ ಮತ್ತು ಅರೇಬಿಯಾದ ಒಣ ನಾಡಿನ ಗಿಡ. ಕಣಗಿಲೆ, ನಂದಿಬಟ್ಟಲು, ದೇವಕಣಗಿಲೆಗಳ ಕುಟುಂಬದ್ದೇ. ಹೂವಿನ ತುತ್ತೂರಿ ಆಕಾರ ನೋಡಿದರೆ ನೆಂಟಸ್ತನ ಗೊತ್ತಾಗುತ್ತದೆ. ಮುರಿದರೆ ಬರುವ ರಸ ಹೃದಯಕ್ಕೆ ವಿಷ. ಆಫ್ರಿಕಾದಲ್ಲಿ ಬಾಣದ ತುದಿಗೆ ಸವರುತ್ತಿದ್ದರು. ಕತ್ತರಿಸಿದ ಮೇಲೆ ಕೈ ಸೋಪು ಹಾಕಿ ತೊಳೆಯಲೇಬೇಕು. ಮನೆಯಲ್ಲಿ ಅಂಬೆಗಾಲಿಡುವ ಮಗು ಇದ್ದರೆ ಈ ಕುಂಡ ತಾರಸಿಯಲ್ಲಿರಲಿ.

ಚಳಿ ಶುರುವಾದಾಗ, ನವೆಂಬರ್ ಡಿಸೆಂಬರ್ ಹೊತ್ತಿಗೆ, ಎಲೆ ಹಳದಿಯಾಗಿ ಉದುರುತ್ತದೆ. ಹೆಚ್ಚಿನವರು ಎಡವುವುದು ಇಲ್ಲೇ. ಅಯ್ಯೋ ಒಣಗುತ್ತಿದೆ ಅಂತ ನೀರು ಜಾಸ್ತಿ ಮಾಡುತ್ತಾರೆ. ಎಲೆ ಇಲ್ಲದ ಗಿಡ ನೀರನ್ನು ಎಳೆಯುವುದಿಲ್ಲ. ಮಣ್ಣು ಒದ್ದೆ, ಹವೆ ತಂಪು, ಬೇರು ಕೊಳೆಯಲು ಇನ್ನೇನು ಬೇಕು? ಎಲೆ ಉದುರಲು ಶುರುವಾದರೆ ನೀರು ಕಮ್ಮಿ ಮಾಡಿ, ಪೂರ್ತಿ ಬೋಳಾದರೆ ನಿಲ್ಲಿಸಿದಂತೆಯೇ ಇರಿ. ಗೊಬ್ಬರದ ಮಾತೇ ಬೇಡ. ಬುಡದ ಗಡ್ಡೆಯಲ್ಲಿ ಅದರ ಬುತ್ತಿ ಇದೆ.

ಆ ಗಡ್ಡೆಯನ್ನು ಹೆಬ್ಬೆರಳಿನಿಂದ ಒತ್ತಿ ನೋಡುವುದನ್ನು ಕಲಿಯಬೇಕು. ಗಟ್ಟಿಯಿದ್ದರೆ ಚಿಂತೆಯಿಲ್ಲ. ಮೆತ್ತಗಿದ್ದರೆ ಎರಡು ಅರ್ಥ. ಸುತ್ತಲೂ ಒಂದೇ ಸಮ ಮೆತ್ತಗಾಗಿ, ಚರ್ಮ ಸ್ವಲ್ಪ ಸುಕ್ಕಾಗಿದ್ದರೆ ಬಾಯಾರಿಕೆ. ನೀರು ಕೊಟ್ಟರೆ ಕೆಲವೇ ದಿನದಲ್ಲಿ ಮತ್ತೆ ತುಂಬಿಕೊಳ್ಳುತ್ತದೆ. ಒಂದೇ ಕಡೆ ಬೆರಳು ಒಳಹೋಗುವಷ್ಟು ಮೆತ್ತಗಿದ್ದು, ಬಣ್ಣ ಕಪ್ಪಾಗಿ, ಮೂಗಿಗೆ ಹುಳಿ ವಾಸನೆ ಬಡಿದರೆ ಕೊಳೆತ. ಆಗ ಗಿಡ ಕಿತ್ತು, ಚೂಪಾದ ಚಾಕುವಿನಿಂದ ಕೊಳೆತ ಭಾಗವನ್ನು ಕೆತ್ತಬೇಕು. ಕಂದು ಬಣ್ಣದ ಒಂದು ಗೆರೆಯೂ ಉಳಿಯದೆ, ಬಿಳೀ ತಿರುಳು ಕಾಣುವವರೆಗೆ. ಪ್ರತಿ ಸಲ ಕೆತ್ತಿದಾಗ ಚಾಕು ಒರೆಸಿಕೊಳ್ಳಿ. ಗಾಯಕ್ಕೆ ಕೆಲವರು ಅರಿಸಿನ ಹಚ್ಚುತ್ತಾರೆ, ಕೆಲವರು ಶಿಲೀಂಧ್ರನಾಶಕದ ಪುಡಿ. ಏನೇ ಹಚ್ಚಿದರೂ ಮುಖ್ಯವಾದದ್ದು ಒಣಗಿಸುವುದು. ನೆರಳಲ್ಲಿ ಗಾಳಿಯಾಡುವ ಕಡೆ ವಾರಗಟ್ಟಲೆ ಬರಿಬೇರಿನಲ್ಲಿ ಮಲಗಿಸಿಟ್ಟರೂ ಅಡೇನಿಯಂ ಸಾಯುವುದಿಲ್ಲ. ಅವಸರದಲ್ಲಿ ಮಣ್ಣಿಗೆ ಹಾಕಿದರೆ ಸಾಯುತ್ತದೆ.

ಫೆಬ್ರವರಿಯಲ್ಲಿ ಬಿಸಿಲು ಏರಿದಂತೆ ಕೊಂಬೆಗಳಲ್ಲಿ ಚಿಗುರೊಡೆಯುವ ಕಣ್ಣುಗಳು ಉಬ್ಬುತ್ತವೆ. ಕೊಂಬೆ ಸವರಲು ಅದೇ ಸಮಯ. ಹೂ ಬರುವುದು ಹೊಸ ಚಿಗುರಿನ ತುದಿಯಲ್ಲಿ. ಒಂದು ಕೊಂಬೆ ಕತ್ತರಿಸಿದರೆ ಎರಡೋ ಮೂರೋ ಚಿಗುರು ಬರುತ್ತದೆ, ಅಷ್ಟೂ ತುದಿಗಳಲ್ಲಿ ಗೊಂಚಲು. ಕತ್ತರಿ ಹಾಕಲು ಮನಸ್ಸು ಬರದವರ ಮನೆಯಲ್ಲಿ ಅಡೇನಿಯಂ ಉದ್ದ ಕೋಲಾಗಿ, ತುದಿಯಲ್ಲಿ ನಾಲ್ಕು ಹೂ ಮಾತ್ರ ಬಿಟ್ಟು ನಿಂತಿರುತ್ತದೆ. ಸವರಿದ ಮೇಲೆ ಹೊಸ ಎಲೆ ಕಂಡಾಗ ನೀರು ಶುರು ಮಾಡಿ. ಪ್ರತಿ ಸಲ ತುಂಬ ಕೊಡಿ, ಮತ್ತೆ ಪೂರ್ತಿ ಒಣಗಲು ಬಿಡಿ. ದಿನಾ ಒಂದೊಂದು ಲೋಟ ಕೊಡುವುದು ಯಾವ ಸಕ್ಯುಲೆಂಟ್‌ಗೂ ಒಳ್ಳೆಯದಲ್ಲ. ಸ್ವಲ್ಪ ಬೇವಿನ ಹಿಂಡಿ, ಸ್ವಲ್ಪ ಪೊಟ್ಯಾಷ್ ಸಾಕು. ಯೂರಿಯಾ ಹಾಕಿದರೆ ಎಲೆ ನೋಡಿ ಖುಷಿಪಡಬೇಕು ಅಷ್ಟೇ.

ಕೊಳ್ಳುವಾಗ ಒಂದು ವಿಷಯ ಗಮನಿಸಿ. ದಪ್ಪ ಬುಡ ಬೇಕೆಂದರೆ ಬೀಜದಿಂದ ಬೆಳೆದ ಗಿಡವೇ ಬೇಕು. ಕಡ್ಡಿ ನೆಟ್ಟು ಬೆಳೆಸಿದ್ದಕ್ಕೆ ಅಂಥ ಗಡ್ಡೆ ಕೂರುವುದಿಲ್ಲ. ಸುಳಿ ಸುಳಿಯಾದ ಹಲವು ಪದರದ ಹೂಗಳ ಗಿಡ ಸಾಮಾನ್ಯವಾಗಿ ಕಸಿ ಮಾಡಿದ್ದು. ಕಸಿ ಗುರುತಿನ ಕೆಳಗಿಂದ ಬರುವ ಚಿಗುರನ್ನು ಕೂಡಲೇ ತೆಗೆಯದಿದ್ದರೆ ಅದು ಮೇಲಿನದನ್ನು ಮೀರಿ ಬೆಳೆದು, ಒಂದೆರಡು ವರ್ಷದಲ್ಲಿ ನಿಮ್ಮ ಹಲವು ಪದರದ ಹೂ ಮಾಮೂಲಿ ಗುಲಾಬಿ ಬಣ್ಣದ್ದಾಗಿರುತ್ತದೆ. ಕಾಯಿ ಕಟ್ಟಿದರೆ ಜೋಡಿ ಕೊಂಬಿನಂತೆ ಇರುತ್ತದೆ, ಅದಕ್ಕೆ ದಾರ ಸುತ್ತಿಡಿ. ಒಣಗಿ ಒಡೆದಾಗ ಎರಡೂ ತುದಿಗೆ ರೇಷ್ಮೆ ಕೂದಲಿರುವ ಬೀಜಗಳು ಹಾರಿ ಪಕ್ಕದ ಮನೆ ಸೇರುತ್ತವೆ.

ಒಂದು ಬೆಳಿಗ್ಗೆ ಎದ್ದು ನೋಡಿದರೆ ಎಲೆಗಳೆಲ್ಲ ಮಾಯವಾಗಿ, ಜಲ್ಲಿಯ ಮೇಲೆ ಕಪ್ಪು ಹಿಕ್ಕೆ ಬಿದ್ದಿದೆಯೇ? ಕೊಂಬೆಗಳನ್ನು ಹುಡುಕಿ. ಬೆರಳು ದಪ್ಪದ ಹಸಿರು ಹುಳು ಇರುತ್ತದೆ. ಮುಟ್ಟಿದರೆ ತಲೆ ಬಗ್ಗಿಸಿ, ಬೆನ್ನಿನ ಮೇಲಿನ ಎರಡು ನೀಲಿ ಕಣ್ಣುಗಳನ್ನು ತೋರಿಸಿ ಹೆದರಿಸುತ್ತದೆ. ಅವು ನಿಜವಾದ ಕಣ್ಣುಗಳಲ್ಲ, ಬರೀ ಚುಕ್ಕೆ. ಕಣಗಿಲೆ, ನಂದಿಬಟ್ಟಲು ತಿನ್ನುವ ಗಿಡುಗ ಪತಂಗದ ಮರಿ ಇದು. ಅಡೇನಿಯಂ ವಿಷ ಇದಕ್ಕೆ ನಾಟುವುದಿಲ್ಲ. ನಾನು ಔಷಧಿ ಹೊಡೆಯುವುದಿಲ್ಲ, ಕಡ್ಡಿಯಿಂದ ಎತ್ತಿ ನಂದಿಬಟ್ಟಲಿಗೆ ಬಿಡುತ್ತೇನೆ. ದೊಡ್ಡ ನಂದಿಬಟ್ಟಲು ಅಷ್ಟು ಎಲೆ ಕಳಕೊಂಡರೆ ಲೆಕ್ಕಕ್ಕಿಲ್ಲ, ಪತಂಗವೂ ಬಹಳ ಚೆಂದ.

ಕಲಂಚೋ: ಕತ್ತಲೆ ಬೇಡುವ ಗಿಡ

ಕಲಂಚೋಗೆ ನೀರಿಗಿಂತ ಕತ್ತಲೆ ಮುಖ್ಯ. ಮಡಗಾಸ್ಕರ್ ಮೂಲದ ಈ ಗಿಡ 1930ರ ದಶಕದಲ್ಲಿ ಜರ್ಮನಿಯ ಪಾಟ್ಸ್‌ಡ್ಯಾಮ್‌ನ ಬ್ಲಾಸ್‌ಫೆಲ್ಡ್ ಎಂಬ ಬೀಜ ವ್ಯಾಪಾರಿಯ ಮೂಲಕ ಮಾರುಕಟ್ಟೆಗೆ ಬಂತು. ಅವರ ಹೆಸರೇ ಗಿಡಕ್ಕೂ ಇದೆ. ಇದು ಹಗಲು ಗಿಡ್ಡವಾದಾಗ, ಸರಿಯಾಗಿ ಹೇಳಬೇಕೆಂದರೆ ರಾತ್ರಿ ಉದ್ದವಾದಾಗ, ಮೊಗ್ಗು ಕಟ್ಟುವ ಜಾತಿ.

ಬೆಂಗಳೂರಿನಲ್ಲಿ ಜೂನ್ ತಿಂಗಳ ಹಗಲು 13 ಗಂಟೆಗೆ ಹತ್ತಿರ. ಡಿಸೆಂಬರ್‌ನಲ್ಲಿ 11 ಗಂಟೆ 20 ನಿಮಿಷದ ಆಸುಪಾಸು. ಯುರೋಪಿನಷ್ಟು ದೊಡ್ಡ ವ್ಯತ್ಯಾಸವಿಲ್ಲ, ಆದರೂ ಕಲಂಚೋಗೆ ಇಷ್ಟು ಸಾಕು. ನಮ್ಮ ಚಳಿಗಾಲದ ರಾತ್ರಿ ತಾನಾಗಿಯೇ ಮೊಗ್ಗು ತರಿಸುತ್ತದೆ. ಕೆಡಿಸುವುದು ನಮ್ಮ ದೀಪ. ಪೋರ್ಟಿಕೋದ ಎಲ್‌ಇಡಿ ಬಲ್ಬು ರಾತ್ರಿ ಹನ್ನೊಂದರವರೆಗೆ ಉರಿಯುತ್ತಿದ್ದರೆ, ಅಥವಾ ಬೀದಿದೀಪ ನೇರವಾಗಿ ಬೀಳುತ್ತಿದ್ದರೆ, ಗಿಡದ ಲೆಕ್ಕದಲ್ಲಿ ಅದಿನ್ನೂ ಹಗಲು. ಹತ್ತಿರದ ಬಲ್ಬಿನ ಬೆಳಕೂ ರಾತ್ರಿಯನ್ನು ಮುರಿಯಲು ಸಾಕು. ವರ್ಷಗಟ್ಟಲೆ ಹೂ ಬಿಡದ ಕಲಂಚೋವನ್ನು ಅಕ್ಟೋಬರ್‌ನಲ್ಲಿ ದೀಪವಿಲ್ಲದ ಹಿತ್ತಿಲಿಗೆ ಸಾಗಿಸಿ ನೋಡಿ. ಅಂಥ ಜಾಗ ಇಲ್ಲದಿದ್ದರೆ ಸಂಜೆ ಐದೂವರೆಗೆ ರಟ್ಟಿನ ಪೆಟ್ಟಿಗೆ ಮುಚ್ಚಿ, ಬೆಳಿಗ್ಗೆ ಏಳೂವರೆಗೆ ತೆಗೆಯಿರಿ. ಒಟ್ಟು 14 ಗಂಟೆ ಕತ್ತಲೆ. ಆರು ವಾರ ಬಿಡದೆ ಮಾಡಬೇಕು, ಹಗಲು ಬಿಸಿಲಿಗೆ ಇಡಲೇಬೇಕು. ಸಣ್ಣ ಹಸಿರು ಮೊಗ್ಗಿನ ಗೊಂಚಲು ಎದ್ದ ಮೇಲೆ ಪೆಟ್ಟಿಗೆ ಬೇಡ.

ಹೂ ಮುಗಿದ ಕೂಡಲೇ ಗೊಂಚಲಿನ ತೊಟ್ಟನ್ನು ಎರಡು ಜೊತೆ ಎಲೆಗಳ ಸಮೇತ ಕತ್ತರಿಸಿ. ಬಹಳ ಜನ ಹಾಗೇ ಬಿಟ್ಟು, ಗಿಡ ಸೊರಗಿ ಉದ್ದವಾದ ಮೇಲೆ ಎಸೆಯುತ್ತಾರೆ. ಕತ್ತರಿಸಿದ ತುದಿಗಳನ್ನು ಎರಡು ದಿನ ಒಣಗಿಸಿ ನೆಟ್ಟರೆ ಮುಂದಿನ ಚಳಿಗಾಲಕ್ಕೆ ಹೊಸ ಗಿಡ.

ಯುಫೋರ್ಬಿಯಾ, ಟೇಬಲ್ ರೋಸ್, ಲೋಳೆಸರ

ವರ್ಷವಿಡೀ ಹೂ ಬೇಕು, ತಲೆನೋವು ಬೇಡ ಅನ್ನುವವರಿಗೆ ನಾನು ಹೇಳುವುದು ಯುಫೋರ್ಬಿಯಾ ಮಿಲಿ. ಮೈಯೆಲ್ಲ ಮುಳ್ಳು, ತುದಿಯಲ್ಲಿ ಕೆಂಪು, ಹಳದಿ, ಗುಲಾಬಿ ಬಣ್ಣದ ಹೂ. ಇದೂ ಮಡಗಾಸ್ಕರ್‌ನದು. 1821ರಲ್ಲಿ ಇದನ್ನು ಫ್ರಾನ್ಸಿಗೆ ತಲುಪಿಸಿದ ಮಿಲಿಯಸ್ ಎಂಬ ಅಧಿಕಾರಿಯ ಹೆಸರು ಗಿಡಕ್ಕೆ ಅಂಟಿಕೊಂಡಿದೆ. ಈಗ ನರ್ಸರಿಗಳಲ್ಲಿ ಕಾಣುವ ದೊಡ್ಡ ಹೂಗಳ ತಳಿಗಳು ಥಾಯ್ಲೆಂಡಿನವರ ಕೈಚಳಕ. ನಮ್ಮ ಬೇಲಿಯ ಕಳ್ಳಿಗಿಡಗಳಿಗೆ ಹತ್ತಿರದ ಸಂಬಂಧಿ. ಬಣ್ಣದ ಎರಡು ದಳ ಕಾಣುತ್ತದಲ್ಲ, ಅವು ಹೂದಳಗಳಲ್ಲ, ಬಣ್ಣ ತಾಳಿದ ಎಲೆಗಳು. ಹೂ ಇರುವುದು ನಡುವೆ, ಸಾಸಿವೆಗಿಂತ ತುಸು ದೊಡ್ಡದು. ಎಲೆಯಂಥ ವಸ್ತುವಾದ್ದರಿಂದಲೇ ವಾರಗಟ್ಟಲೆ ಬಾಡುವುದಿಲ್ಲ. ಬಿಸಿಲಿದ್ದರೆ ಬಿಡುವಿಲ್ಲದೆ ಬಿಡುತ್ತದೆ, ಅಡೇನಿಯಂಗಿಂತ ಮಳೆಯನ್ನೂ ಚೆನ್ನಾಗಿ ತಾಳುತ್ತದೆ. ಕತ್ತರಿಸಿದಾಗ ಬರುವ ಹಾಲು ಕಣ್ಣಿಗೆ ಸಿಡಿದರೆ ದೊಡ್ಡ ತೊಂದರೆ. ಕನ್ನಡಕ ಹಾಕಿಕೊಂಡು ಕತ್ತರಿಸಿ, ಓಡಾಡುವ ದಾರಿಯ ಪಕ್ಕ ನೆಡಬೇಡಿ.

ಟೇಬಲ್ ರೋಸ್ ಎಲ್ಲರಿಗೂ ಗೊತ್ತು, ಕೆಲವು ಕಡೆ ಹತ್ತು ಗಂಟೆ ಹೂ ಅನ್ನುತ್ತಾರೆ. ದಕ್ಷಿಣ ಅಮೆರಿಕದಿಂದ ಬಂದದ್ದು, ಗೋಣಿಸೊಪ್ಪಿನ ತಂಗಿ. ಬಿಸಿಲು ಬಿದ್ದರೆ ಅರಳುತ್ತದೆ, ಮೋಡವಿದ್ದರೆ ಮುದುಡಿಯೇ ಇರುತ್ತದೆ. ಒಂದು ಹೂವಿನ ಆಯುಸ್ಸು ಒಂದೇ ದಿನ. ಹತ್ತು ಗಂಟೆಗೆ ಅರಳಿದ ಹೂವಿನ ನಡುವಿನ ಕೇಸರಗಳನ್ನು ಹುಲ್ಲುಕಡ್ಡಿಯಿಂದ ಮೆಲ್ಲಗೆ ಸವರಿ ನೋಡಿ. ಅಷ್ಟೂ ಕೇಸರಗಳು ಕಡ್ಡಿ ಮುಟ್ಟಿದ ಕಡೆಗೆ ವಾಲುತ್ತವೆ. ಜೇನುಹುಳು ಕೂತಾಗ ಅದರ ಮೈಗೆ ಪರಾಗ ಮೆತ್ತಲು ಮಾಡಿಕೊಂಡ ಏರ್ಪಾಡು. ಮಕ್ಕಳಿಗೆ ತೋರಿಸಲು ಇದಕ್ಕಿಂತ ಒಳ್ಳೆಯ ಆಟವಿಲ್ಲ. ಬೆಳೆಸುವುದರಲ್ಲಿ ಹೇಳುವಂಥದ್ದೇನಿಲ್ಲ: ತುಂಡು ಚುಚ್ಚಿ, ಬಿಸಿಲಿಗಿಡಿ, ಮೂರು ತಿಂಗಳಿಗೊಮ್ಮೆ ಕತ್ತರಿಸಿ ಮತ್ತೆ ಚುಚ್ಚಿ.

ಲೋಳೆಸರ ಹೂ ಬಿಡುತ್ತದೆ ಅಂತಲೇ ಹಲವರಿಗೆ ಗೊತ್ತಿಲ್ಲ, ಯಾಕೆಂದರೆ ಸಣ್ಣ ಕುಂಡದಲ್ಲಿ, ಅಡುಗೆಮನೆ ಕಿಟಕಿಯಲ್ಲಿ ಇಟ್ಟಿರುತ್ತೇವೆ. ನೆಲಕ್ಕೆ ಹಾಕಿ, ಸುತ್ತಲಿನ ಮರಿಗಳನ್ನು ಕಿತ್ತು, ನಾಲ್ಕೈದು ವರ್ಷ ಬಿಸಿಲಲ್ಲಿ ಬಿಟ್ಟರೆ ಚಳಿಗಾಲದಲ್ಲಿ ಮೊಣಕಾಲೆತ್ತರದ ಹಳದಿ ಹೂಗೊನೆ ಎದ್ದು ನಿಲ್ಲುತ್ತದೆ. ಸೂರಕ್ಕಿಗಳು ದಿನಾ ಹಾಜರಾಗುತ್ತವೆ.

ಭೂತಾಳೆ ಮಾತ್ರ ಹೂ ಬಿಟ್ಟರೆ ಅದೇ ಕೊನೆ. ವರ್ಷಗಟ್ಟಲೆ ಕೂಡಿಟ್ಟದ್ದನ್ನೆಲ್ಲ ಒಂದೇ ಗೊನೆಗೆ ಸುರಿದು ಸಾಯುತ್ತದೆ. ನೀರು ಹಾಕಿ ಉಳಿಸಲು ಹೋಗಬೇಡಿ, ಬುಡದ ಮರಿಗಳನ್ನು ತೆಗೆದುಕೊಳ್ಳಿ.

ನಿಯಮ ಮುರಿಯುವ ಬ್ರಹ್ಮಕಮಲ

ನಮ್ಮ ಮನೆಗಳಲ್ಲಿ ಬ್ರಹ್ಮಕಮಲ ಅಂತ ಕರೆಯುವುದು ಹಿಮಾಲಯದ ಹೂವಲ್ಲ, ಮೆಕ್ಸಿಕೋ ಮತ್ತು ಮಧ್ಯ ಅಮೆರಿಕದ ಕಾಡುಗಳಲ್ಲಿ ಮರದ ಮೇಲೆ ಬೆಳೆಯುವ ಒಂದು ಕಳ್ಳಿ. ಮರದ ನೆರಳು, ಕೊಳೆತ ಎಲೆಯ ಗೊಬ್ಬರ, ಆಗಾಗ ಮಳೆ, ಇದು ಅದರ ತವರು. ಹಾಗಾಗಿ ಇದಕ್ಕೆ ಮೇಲೆ ಹೇಳಿದ ಕಡಕ್ ಬಿಸಿಲು ಆಗದು, ಮೈ ಹಳದಿಯಾಗಿ ಸುಟ್ಟ ಕಲೆ ಬೀಳುತ್ತದೆ. ಬೆಳಗಿನ ಎಳೆ ಬಿಸಿಲು, ಆಮೇಲೆ ಮರದಡಿಯ ಬೆಳಕು ಸಾಕು. ಮಣ್ಣಿಗೆ ಎಲೆಗೊಬ್ಬರ ಜಾಸ್ತಿ ಇರಲಿ. ಚಳಿಗಾಲದಲ್ಲಿ ಮಾತ್ರ ಇದಕ್ಕೂ ನೀರು ಕಡಿಮೆ ಮಾಡಬೇಕು.

ಎಲೆ ಅಂತ ನಾವು ನೆಡುವುದು ನಿಜಕ್ಕೂ ಚಪ್ಪಟೆ ಕಾಂಡ. ಅದರ ಅಂಚಿನ ಕಚ್ಚಿನಲ್ಲಿ ಮಳೆಗಾಲದ ಹೊತ್ತಿಗೆ ಮೊಗ್ಗು ಮೂಡುತ್ತದೆ. ಅದು ಮೊದಲು ಕೆಳಕ್ಕೆ ಜೋತು, ಅರಳುವ ಹೊತ್ತಿಗೆ ಕೊಕ್ಕೆಯಾಗಿ ಮೇಲೆದ್ದು ಊದಿಕೊಳ್ಳುತ್ತದೆ. ಹಾಗೆ ಊದಿದ ದಿನ ರಾತ್ರಿ ಎಂಟು ಒಂಬತ್ತಕ್ಕೆ ಅಕ್ಕಪಕ್ಕದವರನ್ನು ಕರೆಯಬಹುದು. ಮೊಗ್ಗು ಬಂದ ಮೇಲೆ ಕುಂಡ ತಿರುಗಿಸುವುದು, ಜಾಗ ಬದಲಿಸುವುದು ಬೇಡ, ಉದುರಿಬಿಡುತ್ತದೆ.

ಮಳೆ, ಬಿಳಿ ಹಿಟ್ಟು, ಅಂಟಿಸಿದ ಹೂ

ಕರಾವಳಿ, ಮಲೆನಾಡಿನವರು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅಡೇನಿಯಂ, ಕಲಂಚೋಗಳನ್ನು ಪಾರದರ್ಶಕ ಶೀಟಿನ ಕೆಳಗೆ ಇಡದೆ ಉಳಿಸುವುದು ಕಷ್ಟ. ಅಲ್ಲಿ ನೆಲದಲ್ಲಿ ಹಾಕಲು ಯುಫೋರ್ಬಿಯಾ ವಾಸಿ, ಬ್ರಹ್ಮಕಮಲಕ್ಕಂತೂ ಹಬ್ಬ. ಬೆಂಗಳೂರಿನಲ್ಲಿ ಜೋರು ಮಳೆ ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ. ಅದು ಮುಗಿದ ಕೂಡಲೇ ಚಳಿ. ಒದ್ದೆ ಮಣ್ಣಿನಲ್ಲೇ ಚಳಿಗೆ ಹೋದ ಗಿಡ ಕೊಳೆಯುತ್ತದೆ, ಆ ಎರಡು ತಿಂಗಳು ಸೂರಿನಡಿ ಇಡಿ. ಬಳ್ಳಾರಿ, ಕಲಬುರಗಿಯ ಏಪ್ರಿಲ್ ಬಿಸಿಲಿಗೆ ಅಡೇನಿಯಂ ನಗುತ್ತದೆ, ಕಲಂಚೋ ಸುಡುತ್ತದೆ. ಅದಕ್ಕೆ ಮಧ್ಯಾಹ್ನ ನೆರಳುಬಲೆ ಬೇಕು. ನೆರಳಲ್ಲಿದ್ದ ಯಾವ ಗಿಡವನ್ನೂ ಒಮ್ಮೆಲೇ ಬಿಸಿಲಿಗೆ ತರಬೇಡಿ. ಸುಟ್ಟ ಕಲೆ ಮತ್ತೆ ಹೋಗುವುದಿಲ್ಲ.

ಎಲೆಯ ಸಂದಿನಲ್ಲಿ ಬಿಳಿ ಹತ್ತಿಯಂಥದ್ದು ಕಂಡರೆ ಹಿಟ್ಟು ತಿಗಣೆ. ಅದರ ಸಿಹಿ ಅಂಟಿಗೆ ಇರುವೆ ಬರುತ್ತದೆ, ಇರುವೆ ಅದನ್ನು ಕಾಯುತ್ತದೆ, ಒಂದು ಗಿಡದಿಂದ ಇನ್ನೊಂದಕ್ಕೆ ಸಾಗಿಸುವುದೂ ಉಂಟು. ಇರುವೆ ಸಾಲು ಕಂಡ ಕೂಡಲೇ ಗಿಡ ತಿರುಗಿಸಿ ನೋಡಿ. ನಾಲ್ಕೈದು ಇದ್ದರೆ ಸ್ಪಿರಿಟ್‌ನಲ್ಲಿ ಅದ್ದಿದ ಹತ್ತಿಕಡ್ಡಿಯಿಂದ ಒರೆಸಿದರೆ ಸಾಕು. ಜಾಸ್ತಿಯಿದ್ದರೆ ಒಂದು ಲೀಟರ್ ನೀರಿಗೆ ಒಂದು ಚಮಚ ಬೇವಿನೆಣ್ಣೆ, ನಾಲ್ಕು ಹನಿ ಪಾತ್ರೆ ತೊಳೆಯುವ ದ್ರವ ಸೇರಿಸಿ ಸಂಜೆ ಸಿಂಪಡಿಸಿ. ಬಿಸಿಲಲ್ಲಿ ಸಿಂಪಡಿಸಿದರೆ ಎಣ್ಣೆಯೇ ಎಲೆ ಸುಡುತ್ತದೆ.

ಕೊನೆಯದಾಗಿ ಕೊಳ್ಳುವಾಗಿನ ಒಂದು ಎಚ್ಚರಿಕೆ. ಜನವರಿ, ಆಗಸ್ಟ್‌ನ ಲಾಲ್‌ಬಾಗ್ ಫಲಪುಷ್ಪ ಪ್ರದರ್ಶನದ ಹೊತ್ತಿಗೆ ಊರ ತುಂಬ ಸಣ್ಣ ಕುಂಡಗಳ ಮಾರಾಟ ಜೋರಾಗಿರುತ್ತದೆ. ದುಂಡು ಕಳ್ಳಿಯ ನೆತ್ತಿಯ ಮೇಲೆ ಕಾಗದದಂತೆ ಗರಗರ ಅನ್ನುವ ಬಣ್ಣದ ಹೂ ಕಂಡರೆ ಬುಡವನ್ನು ಬಗ್ಗಿ ನೋಡಿ. ಒಣಹೂವನ್ನು ಗಮ್ ಹಾಕಿ ಅಂಟಿಸಿರುವುದು ಎಲ್ಲೆಡೆ ಇರುವ ವ್ಯಾಪಾರದ ಚಾಳಿ. ನಿಜವಾದ ಕಳ್ಳಿ ಹೂ ತೆಳ್ಳಗೆ, ತಂಪಾಗಿ, ಒದ್ದೆ ರೇಷ್ಮೆಯ ಹೊಳಪಿನಲ್ಲಿರುತ್ತದೆ, ಕೆಲವು ದಿನಕ್ಕೆ ಬಾಡುತ್ತದೆ. ಅಂಟಿಸಿದ್ದು ತಿಂಗಳಾದರೂ ಹಾಗೇ ಇರುತ್ತದೆ. ತಂದುಬಿಟ್ಟಿದ್ದರೆ ಎಳೆದು ಕೀಳಬೇಡಿ, ನೆತ್ತಿಯ ಚರ್ಮವೂ ಕಿತ್ತು ಬರುತ್ತದೆ. ಹೂವಿನ ದಳಗಳನ್ನು ಕತ್ತರಿಯಿಂದ ಕತ್ತರಿಸಿ, ಗಮ್ ಅನ್ನು ಹಾಗೇ ಬಿಡಿ. ಕಳ್ಳಿ ಬೆಳೆದಂತೆ ಅದು ಪಕ್ಕಕ್ಕೆ ಸರಿದು ಬಿದ್ದುಹೋಗುತ್ತದೆ.